ಉಪ್ಪುನೀರಿನ ಟ್ಯಾಂಕಿನ ಮೀನುಗಳಿಗೆ ಬಂದ ಬಿಳಿ ಚುಕ್ಕೆ ನಾಲ್ಕು ದಿನದಲ್ಲಿ ತಾನಾಗಿ ಹೋಗಿತ್ತು, ಈಗ ಇಮ್ಮಡಿಯಾಗಿ ಮತ್ತೆ ಬಂದಿದೆ, ಹವಳವೂ ಇದೆ. ಅಂಗಡಿಯವರು ಹೇಳಿದಂತೆ ಕಾಪರ್ (ತಾಮ್ರದ ಔಷಧಿ) ಹಾಕಲೇ?

ದಯವಿಟ್ಟು ಆ ಟ್ಯಾಂಕಿಗೆ ಒಂದು ಹನಿಯೂ ಹಾಕಬೇಡಿ. ಹವಳ, ಸೀಗಡಿ, ಬಸವನಹುಳು ಉಳಿಯುವುದಿಲ್ಲ. ಲೈವ್ ರಾಕ್ (ಜೀವಾಣುಗಳು ನೆಲೆಸಿದ ಕಲ್ಲು) ಮತ್ತು ಮರಳು ಕಾಪರನ್ನು ಹೀರಿಕೊಳ್ಳುವುದರಿಂದ ಮೀನಿಗೆ ಬೇಕಾದಷ್ಟು ಪ್ರಮಾಣ ನೀರಿನಲ್ಲಿ ನಿಲ್ಲುವುದೂ ಇಲ್ಲ.

ಚುಕ್ಕೆ ನಾಲ್ಕು ದಿನ ಇದ್ದು ತಾನಾಗಿ ಹೋಯಿತು, ಆಮೇಲೆ ಇಮ್ಮಡಿಯಾಗಿ ಬಂತು ಎಂದಿದ್ದೀರಿ. ಇದು ಮರೈನ್ ಇಕ್‌ನ ನಡೆ. ಕ್ರಿಪ್ಟೋಕ್ಯಾರಿಯನ್ ಎಂಬ ಈ ಪರಾವಲಂಬಿ ಮೀನಿನ ಚರ್ಮದೊಳಗೆ 3ರಿಂದ 7 ದಿನ ತಿಂದು ಬೆಳೆದು, ಉದುರಿ, ಕಲ್ಲಿಗೋ ಮರಳಿಗೋ ಅಂಟಿ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಂದು ಕೋಶದಿಂದ ನೂರಾರು ಮರಿಗಳು ಹೊರಟು ಮತ್ತೆ ಮೀನನ್ನು ಹುಡುಕುತ್ತವೆ. ಕಾಪರ್ ಕೊಲ್ಲುವುದು ಈ ಈಜುವ ಮರಿಗಳನ್ನಷ್ಟೇ. ಬೆಳ್ಳುಳ್ಳಿ ಕೊಟ್ಟಾಗ ಚುಕ್ಕೆ ಹೋಯಿತು ಎನ್ನುವವರು ನೋಡಿದ್ದು ಇದೇ ಉದುರುವಿಕೆಯನ್ನು.

ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ಮೀನನ್ನು ನೋಡಿ. ಸಣ್ಣ ರವೆ ಅಂಟಿಸಿದಂತೆ ಬಿಡಿಬಿಡಿ ಕಾಳುಗಳಿದ್ದರೆ ಇಕ್. ವಿಭೂತಿ ಉದುರಿಸಿದಂತೆ ನವಿರಾದ ಪುಡಿ, ಏದುಸಿರು, ಪಂಪಿನ ಹರಿವಿಗೆ ಮುಖವೊಡ್ಡಿ ನಿಲ್ಲುವುದು ಕಂಡರೆ ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ. ಎರಡು ಮೂರು ದಿನದಲ್ಲೇ ಮೀನು ಸಾಯಬಹುದು, ಇವತ್ತೇ ಎತ್ತಿ. ಉಪ್ಪಿನಂಶವನ್ನು 1.009 ಸಾಪೇಕ್ಷ ಸಾಂದ್ರತೆಗೆ ಇಳಿಸುವ ವಿಧಾನ ಇಕ್‌ಗೆ ನಡೆಯುತ್ತದೆ, ವೆಲ್ವೆಟ್‌ಗೆ ನಡೆಯುವುದಿಲ್ಲ. ಎರಡಕ್ಕೂ ಆಗುವುದರಿಂದ ನನ್ನ ಆಯ್ಕೆ ಕಾಪರೇ, ಆದರೆ ಬೇರೆ ಟ್ಯಾಂಕಿನಲ್ಲಿ.

60×30 ಸೆಂಟಿಮೀಟರ್ ತಳದ ಖಾಲಿ ಟ್ಯಾಂಕಿನಲ್ಲಿ 27 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಸುಮಾರು 48 ಲೀಟರ್. ಮರಳು, ಕಲ್ಲು, ಕಾರ್ಬನ್ (ಫಿಲ್ಟರಿನ ಇದ್ದಿಲು) ಬೇಡ. ಹೀಟರ್, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡುಗಳು ಸಾಕು. ಡೋಸ್ ಲೆಕ್ಕ ಹಾಕುವ ಮುನ್ನ ಬಾಟಲಿಯನ್ನು ಓದಿ: ‘ಕಾಪರ್ ಪವರ್’ ಎಂಬ ಕೀಲೇಟೆಡ್ (ಬೇರೆ ಅಣುವಿಗೆ ಬಂಧಿಸಿದ) ಕಾಪರ್ ಆದರೆ ಗುರಿ 2.25ರಿಂದ 2.5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಕಾಪರ್ ಸಲ್ಫೇಟ್ ಆದರೆ 0.15ರಿಂದ 0.25 ಮಾತ್ರ. ಕಾಪರ್ ಪವರ್‌ನ ಗುರಿಯನ್ನು ಕಾಪರ್ ಸಲ್ಫೇಟ್‌ಗೆ ಹಿಡಿದರೆ ಹತ್ತು ಪಟ್ಟು ಏರಿ ಮೀನು ಸಾಯುತ್ತದೆ. ಇಕ್ ಆದರೆ ಎರಡು ದಿನದಲ್ಲಿ ಹಂತಹಂತವಾಗಿ ಏರಿಸಿ. ದಿನವೂ ಅಳೆಯಿರಿ. ಗುರಿಯಲ್ಲಿ 30 ದಿನ ನಿಲ್ಲಿಸಬೇಕು, ಅದರೊಳಗೆ ಒಮ್ಮೆ ಗುರಿಗಿಂತ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ.

ಈ ಚಿಕಿತ್ಸೆಯ ಟ್ಯಾಂಕಿನಲ್ಲಿ ಮೀನು ಸಾಯುವುದು ಬಹುಪಾಲು ಅಮೋನಿಯದಿಂದ. ಹೊಸ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರುವುದಿಲ್ಲ. ಅಮೋನಿಯ ಕಂಡ ದಿನ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿಗೆ ಅಷ್ಟೇ ಕಾಪರ್ ಮೊದಲೇ ಬೆರೆಸಿಡಿ. ಅಮೋನಿಯ ತಗ್ಗಿಸುವ ದ್ರಾವಣವನ್ನು ಕಾಪರ್ ಜೊತೆ ಹಾಕಲೇಬೇಡಿ, ಕಾಪರ್ ಇನ್ನಷ್ಟು ವಿಷವಾಗುತ್ತದೆ.

ದೊಡ್ಡ ಟ್ಯಾಂಕು 76 ದಿನ ಮೀನಿಲ್ಲದೆ ಇರಲಿ. ಕಲ್ಲಿನ ಸಂದಿಯಲ್ಲಿ ಅವಿತ ಪುಟ್ಟ ಗೋಬಿ ಮೀನು ಒಂದು ಉಳಿದರೂ ಪರಾವಲಂಬಿಗೆ ಅದೇ ಅನ್ನ. ಎರಡು ಟ್ಯಾಂಕಿಗೂ ಬಲೆ, ಬಕೆಟ್ ಬೇರೆ ಬೇರೆ ಇಡಿ. ಒದ್ದೆ ಕೈಯಿಂದಲೂ ದಾಟಿಬಿಡುತ್ತದೆ. 30 ದಿನ ಕಳೆದ ಮೇಲೆ ಕಾರ್ಬನ್ ಹಾಕಿ ಕಾಪರ್ ತೆಗೆದು ಮೀನನ್ನು ಅಲ್ಲೇ ಗಮನಿಸುತ್ತಿರಿ. 76 ದಿನ ತುಂಬಿದ ಮೇಲೆ ಎರಡರ ಉಪ್ಪಿನಂಶವನ್ನೂ ಸರಿಹೊಂದಿಸಿ, ಬಲೆಯಲ್ಲೆತ್ತಿ ಮೀನನ್ನಷ್ಟೇ ಬಿಡಿ, ನೀರನ್ನು ಚೆಲ್ಲಿಬಿಡಿ.