ಸಾಲು ಕಟ್ಟಲಿಲ್ಲ ಅಂದ ಮಾತ್ರಕ್ಕೆ ಸ್ಪಿನ್ ಲಿಕ್ವಿಡ್ ಆಗಲ್ಲ

ಪ್ರಶ್ನೆ: ತ್ರಿಕೋನ ಪದರಗಳಿರುವ ಹೊಸ ಮ್ಯಾಗ್ನೆಟ್ ಬೆಳೆಸಿದ್ದೇವೆ. 2 ಕೆಲ್ವಿನ್‌ಗೆ ತಣಿಸಿದರೂ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತಗಳು) ಸಾಲು ಕಟ್ಟಲಿಲ್ಲ. ಇದನ್ನು ಕ್ವಾಂಟಮ್ ಸ್ಪಿನ್ ಲಿಕ್ವಿಡ್ (ಎಷ್ಟೇ ತಣಿಸಿದರೂ ಸ್ಪಿನ್‌ಗಳು ಸಾಲು ಕಟ್ಟದೆ, ಒಂದಕ್ಕೊಂದು ಹೆಣೆದುಕೊಂಡು ತೊನೆಯುತ್ತಲೇ ಇರುವ ಸ್ಥಿತಿ) ಅನ್ನಬಹುದೇ?

ಉತ್ತರ: ಅನ್ನಬೇಡಿ. ಇದೇ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ನಿಮ್ಮ ಕ್ಯೂರಿ-ವೈಸ್ ತಾಪಮಾನ (ಸ್ಪಿನ್‌ಗಳು ಒಂದರ ಮೇಲೊಂದು ಎಷ್ಟು ಬಲ ಹಾಕುತ್ತವೆ ಅನ್ನುವ ಅಳತೆ) ಎಷ್ಟು, ಅದನ್ನೇ ಬರೆದಿಲ್ಲ! ಅದು 3 ಕೆಲ್ವಿನ್ ಆಗಿದ್ದರೆ, 2ಕ್ಕೆ ಇಳಿದದ್ದು ಏನೂ ಅಲ್ಲ. ಪಕ್ಕದ್ದಕ್ಕೆ ಎದುರು ದಿಕ್ಕಿಗೇ ನಿಲ್ಲಬೇಕೆಂಬ ಸ್ಪಿನ್‌ಗಳ ಜಗಳ ಇನ್ನೂ ಶುರುವೇ ಆಗಿಲ್ಲ. ಹರ್ಬರ್ಟ್‌ಸ್ಮಿತೈಟ್ ಅನ್ನುವ ತಾಮ್ರ-ಸತುವಿನ ಖನಿಜ ನೋಡಿ. ಅದರ ಕಗೋಮೆ (ಮೂಲೆಗೆ ಮೂಲೆ ತಾಗಿದ ತ್ರಿಕೋನಗಳ ಜಾಲ) ಪದರದಲ್ಲಿ ತಾಮ್ರದ ಸ್ಪಿನ್‌ಗಳ ನಡುವಿನ ಜಗಳದ ಬಲ ಸುಮಾರು 180 ಕೆಲ್ವಿನ್‌ನಷ್ಟು. ಆದರೂ 0.05 ಕೆಲ್ವಿನ್‌ವರೆಗೆ ಸಾಲು ಕಟ್ಟಿಲ್ಲ. ಅಷ್ಟಿದ್ದೂ ತಕರಾರು ಮುಗಿದಿಲ್ಲ. ಪದರಗಳ ಮಧ್ಯೆ ಸತು ಇರಬೇಕಾದ ಕಡೆ ಒಂದಷ್ಟು ತಾಮ್ರ ನುಸುಳಿ ಅಳತೆಯನ್ನು ಕೆಡಿಸುತ್ತದೆ.

ತ್ರಿಕೋನ ಇದ್ದರೆ ಸಾಕು ಅನ್ನುವುದೂ ಭ್ರಮೆ. 1973ರಲ್ಲಿ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಸ್ಪಿನ್ ಲಿಕ್ವಿಡ್ ಸಿಗಬಹುದು ಅಂದದ್ದು ಇದೇ ತ್ರಿಕೋನ ಜಾಲದಲ್ಲಿ. ಮುಂದೆ ಲೆಕ್ಕ ಹಾಕಿದಾಗ ಗೊತ್ತಾದದ್ದು ಬೇರೆ: ಪಕ್ಕದವರ ಜೊತೆ ಮಾತ್ರ ಜಗಳವಿದ್ದರೆ ಸ್ಪಿನ್‌ಗಳು 120 ಡಿಗ್ರಿ ತಿರುಗಿ ರಾಜಿಯಾಗುತ್ತವೆ.

ಇನ್ನು ನನಗೆ ಜಾಸ್ತಿ ಭಯ ಹರಳಿನ ಕೊಳಕಿನದು. ಇಟರ್ಬಿಯಂ-ಮೆಗ್ನೀಸಿಯಂ-ಗ್ಯಾಲಿಯಂ ಆಕ್ಸೈಡ್‌ನಲ್ಲಿ ಮೆಗ್ನೀಸಿಯಂ, ಗ್ಯಾಲಿಯಂ ಎರಡೂ ಸಿಕ್ಕಸಿಕ್ಕ ಕಡೆ ಕೂರುತ್ತವೆ. ಸ್ಪಿನ್ ಇರುವ ಒಂದೊಂದು ಇಟರ್ಬಿಯಂಗೆ ಒಂದೊಂದು ಥರದ ನೆರೆಹೊರೆ. ನ್ಯೂಟ್ರಾನ್ ಪ್ರಯೋಗದಲ್ಲಿ ಕಾಣುವ ಆ ಹರಡಿದ ಮಸುಕು ಸ್ಪಿನ್ ಲಿಕ್ವಿಡ್‌ನದೂ ಇರಬಹುದು, ಸುಮ್ನೆ ಈ ಗೊಂದಲದ್ದೂ ಇರಬಹುದು. ಎಸಿ ಸಸೆಪ್ಟಿಬಿಲಿಟಿ (ಅತ್ತಿತ್ತ ತೂಗುವ ಕಾಂತಕ್ಷೇತ್ರಕ್ಕೆ ಹರಳು ಹೇಗೆ ಸ್ಪಂದಿಸುತ್ತದೆ ಅನ್ನುವ ಅಳತೆ) ಮಾಡಿ. ಫ್ರೀಕ್ವೆನ್ಸಿ ಬದಲಿಸಿದಾಗ ಶಿಖರ ಜರುಗಿದರೆ ಅದು ಸ್ಪಿನ್ ಗ್ಲಾಸ್ (ಸ್ಪಿನ್‌ಗಳು ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿದ ಸ್ಥಿತಿ) ಅಂತ ಮೊದಲು ಅನುಮಾನಿಸಿ.

ಹರಳನ್ನು ಚಿಮ್ಮಟದಲ್ಲಿ ಬಗ್ಗಿಸಲೂ ಬೇಡಿ. ಸ್ಪಿನ್ ಲಿಕ್ವಿಡ್‌ಗಾಗಿ ಹುಡುಕಾಡುವ ಇನ್ನೊಂದು ಪದಾರ್ಥ ಆಲ್ಫಾ ರುಥೇನಿಯಂ ಕ್ಲೋರೈಡ್‌ನ ಒಳ್ಳೆ ಹರಳು 7 ಕೆಲ್ವಿನ್ ಹತ್ತಿರ ಸಾಲು ಕಟ್ಟುತ್ತದೆ. ಬಗ್ಗಿಸಿ ಪದರಗಳ ಜೋಡಣೆ ತಪ್ಪಿದರೆ 14ರ ಹತ್ತಿರವೂ ಒಂದು ತಿರುವು ಬರುತ್ತದೆ. ಅದನ್ನು ಹೊಸ ಶೋಧ ಅಂದುಕೊಂಡು ನಾನೂ ಒಂದು ವಾರ ಕುಣಿದಾಡಿದ್ದೆ.

ಪ್ರಶ್ನೆ: ಸ್ಪಿನ್ ಲಿಕ್ವಿಡ್‌ನಿಂದ ಕ್ವಾಂಟಮ್ ಕಂಪ್ಯೂಟರ್ ಯಾವಾಗ?

ಉತ್ತರ: ಮೊದಲು ಒಂದು ಶುದ್ಧ ಹರಳು ಬರಲಿ.

ಪ್ರಶ್ನೆ: ‘ಕ್ವಾಂಟಮ್ ಮ್ಯಾಗ್ನೆಟ್’ ಬಳೆ ಹಾಕಿದರೆ ಕೀಲುನೋವು ಹೋಗುತ್ತಂತೆ, ನಿಜವೇ?

ಉತ್ತರ: ಶುದ್ಧ ಸುಳ್ಳು. ಮೇಲಿನ ಮ್ಯಾಗ್ನೆಟ್‌ಗಳು ಒಂದು ಗುಂಡುಪಿನ್ನನ್ನೂ ಎಳೆಯಲ್ಲ, ನಿಮ್ಮ ನೋವನ್ನು ಎಲ್ಲಿಂದ ಎಳೆದಾವು? ಡಾಕ್ಟರ ಹತ್ತಿರ ಹೋಗಿ.