ವೃದ್ಧಾಶ್ರಮಕ್ಕೆ ಸೇರುವ ಮುನ್ನ ಮನಸ್ಸಿನ ತಪಾಸಣೆ

ಪ್ರಶ್ನೆ: ನನ್ನ ತಾಯಿಗೆ 79 ವರ್ಷ. ತಂದೆಯವರು ತೀರಿಕೊಂಡ ಮೇಲೆ ಅವರಿಗೆ ಮಾತು, ಊಟ ಎರಡೂ ಕಡಿಮೆಯಾಗಿವೆ. ಕಣ್ಣೂರಿನ ಕಡೆಯ ವೃದ್ಧಾಶ್ರಮವೊಂದರ ಸಿಬ್ಬಂದಿ ಮಲಯಾಳದಲ್ಲಿ ಕೆಲವು ಪ್ರಶ್ನೆ ಕೇಳಿ, ಮರೆವಿನ ಕಾಯಿಲೆಯಿರಬಹುದು, ಮನೋವೈದ್ಯರ ಪ್ರಮಾಣಪತ್ರ ತನ್ನಿ ಎಂದರು. ಅಮೆರಿಕದಲ್ಲಿರುವ ತಮ್ಮ, ಅಲ್ಲಿ ಇದು ಕಾನೂನೇ ಎನ್ನುತ್ತಾನೆ. ಇಲ್ಲಿಯೂ ಕಡ್ಡಾಯವೇ?
– ಓದುಗರೊಬ್ಬರು, ಪೆರ್ಲ

ಉತ್ತರ: ನಿಮ್ಮ ತಮ್ಮನವರ ಮಾತು ಸರಿ. ಅಮೆರಿಕದ 1987ರ ಕಾನೂನಿನಂತೆ, ಮೆಡಿಕೇಡ್ (ಕಡಿಮೆ ಆದಾಯದವರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಆರೋಗ್ಯ ನೆರವಿನ ಯೋಜನೆ) ಮಾನ್ಯತೆಯಿರುವ ನರ್ಸಿಂಗ್ ಹೋಮಿಗೆ ಸೇರಲು ಬರುವವರಿಗೆ, ಖರ್ಚು ಯಾರೇ ಭರಿಸಲಿ, ಮೊದಲು ಸ್ಥೂಲ ತಪಾಸಣೆ ನಡೆಯುತ್ತದೆ. ತೀವ್ರ ಮಾನಸಿಕ ಕಾಯಿಲೆ ಅಥವಾ ಬೌದ್ಧಿಕ ವೈಕಲ್ಯದ ಶಂಕೆ ಬಂದರೆ, ಆ ವ್ಯಕ್ತಿಗೆ ಅದೇ ತಕ್ಕ ಸ್ಥಳವೇ, ಯಾವ ವಿಶೇಷ ಸೇವೆ ಬೇಕು ಎಂದು ತಿಳಿಯಲು ಎರಡನೆಯ ಹಂತದ ವಿವರವಾದ ಪರೀಕ್ಷೆ ಮಾಡುತ್ತಾರೆ. ನಮ್ಮ ದೇಶದಲ್ಲಿ ಅಂಥ ಏಕರೂಪದ ಕಡ್ಡಾಯವಿಲ್ಲ.

ಆದರೂ ಆಶ್ರಮದವರು ವೈದ್ಯರ ಅಭಿಪ್ರಾಯ ಬಯಸಿದ್ದರಲ್ಲಿ ತಪ್ಪಿಲ್ಲ. ನನಗೆ ಒಪ್ಪಿಗೆಯಾಗದ್ದು ಮಲಯಾಳದಲ್ಲಿ ನಡೆಸಿದ ಆ ಪರೀಕ್ಷೆ. ಪೇಟೆಯ ವ್ಯವಹಾರಕ್ಕೆ ಸಾಲುವಷ್ಟೇ ಮಲಯಾಳ ಬಲ್ಲ ಹಿರಿಯರೊಬ್ಬರನ್ನು ಇದು ಯಾವ ತಿಂಗಳು ಎಂದು ಕೇಳಿದರೆ ಅವರು 'ಸೋಣ' ಎನ್ನಬಹುದು. ತುಳುನಾಡಿನಲ್ಲಿ ಅದು ಸರಿಯುತ್ತರವೇ, ಆದರೆ ಆ ತಿಂಗಳಿಗೆ ಮಲಯಾಳದಲ್ಲಿರುವ 'ಚಿಂಗಂ' ಎಂಬ ಹೆಸರನ್ನಷ್ಟೇ ಬಲ್ಲವರ ಕಾಗದದಲ್ಲಿ ಅದು ಮರೆವೆಂದು ದಾಖಲಾದೀತು. ಅಲ್ಲದೆ ಇಳಿವಯಸ್ಸಿನ ಖಿನ್ನತೆಯು ಎಷ್ಟೋ ಸಲ ಮರೆವಿನಂತೆಯೇ ತೋರುತ್ತದೆ. ನಿಮ್ಮ ತಾಯಿಯವರ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ, ಏಕೆಂದರೆ ಅದಕ್ಕೆ ಚಿಕಿತ್ಸೆಯಿದೆ. ಥೈರಾಯ್ಡ್, ಬಿ12 ಮತ್ತು ಸೋಡಿಯಂ ಪರೀಕ್ಷೆಗಳನ್ನೂ ಮಾಡಿಸಿ. ಕಿವಿ ಮಂದವಾಗಿದೆಯೇ ಎಂದೂ ನೋಡಿಸಿ. ಗಲಿಬಿಲಿಯು ಒಂದೆರಡು ದಿನಗಳಲ್ಲಿ ಒಮ್ಮೆಲೇ ಕಾಣಿಸಿಕೊಂಡರೆ ಮೂತ್ರದ ಸೋಂಕಿನಂಥ ಕಾರಣವಿರಬಹುದಾದ್ದರಿಂದ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕನ್ನಡ ಅಥವಾ ತುಳು ಬಲ್ಲ ಮನೋವೈದ್ಯರು ಮಂಗಳೂರಿನಲ್ಲಿ ಸಿಗುತ್ತಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಆಶ್ರಮದವರು ಮಾನಸಿಕ ಕಾಯಿಲೆಯವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವುದಾಗಿ ಹೇಳಿದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ.

ನೀವು ಕೇಳದ ಮಾತೊಂದಿದೆ. ಇಂಥ ಪ್ರಮಾಣಪತ್ರ ಕೈಗೆ ಬಂದೊಡನೆ ತೋಟದ ದಾಖಲೆ ತಿದ್ದಿಸಲು ಹೊರಡುವ ಮಕ್ಕಳೂ ಇದ್ದಾರೆ. ಮಾನಸಿಕ ಕಾಯಿಲೆಯಿದೆ ಎಂದ ಮಾತ್ರಕ್ಕೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದಾಗದು; ಅದನ್ನು ನ್ಯಾಯಾಲಯವೇ ಘೋಷಿಸಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಪತ್ರದಲ್ಲಿ ರೋಗನಿರ್ಣಯ, ಔಷಧಿ, ಮರುಭೇಟಿಯ ದಿನಾಂಕಗಳೊಂದಿಗೆ, ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು ಎಂಬುದನ್ನೂ ಬರೆಯುವಂತೆ ವೈದ್ಯರನ್ನು ಕೇಳಿಕೊಳ್ಳಿ.