ಓದುಗರ ಪ್ರಶ್ನೆ: ಸರ್ಕಾರಿ ಕಾನೂನು ಕಾಲೇಜಿನ ಸೀಟು ಬಿಡಬೇಡಿ, ರೆಕಾರ್ಡ್ ಕಾಪಿ ಹೊಡೆಯಬೇಡಿ

ಪಿಯುಸಿ ಮತ್ತು ಡಿಗ್ರಿ ಫಲಿತಾಂಶ ಬಂತೆಂದರೆ ಕಾನೂನು ಕೋರ್ಸಿನ ಬಗ್ಗೆ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಪಿಯುಸಿ ಆದ ಮೇಲೆ ಐದು ವರ್ಷ, ಪದವಿ ಆದ ಮೇಲೆ ಮೂರು ವರ್ಷ ಎಂಬಷ್ಟು ಎಲ್ಲರಿಗೂ ಗೊತ್ತಿದೆ ಎಂದುಕೊಂಡೇ ಉತ್ತರಿಸುತ್ತೇನೆ. ಈ ಸಲ ಒಂದು ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದನ್ನು ಕೇಳುವವರಿಗೆ ಸುತ್ತಲಿನವರು ಕೊಡುತ್ತಿರುವ ಸಲಹೆ ಪೂರ್ತಿ ತಪ್ಪು.

ಕ್ಲಾಸಿಗೆ ಹೋಗದೆ, ಪರೀಕ್ಷೆ ಮಾತ್ರ ಬರೆದು ಎಲ್‌ಎಲ್‌ಬಿ ಮಾಡಿಸಿಕೊಡುತ್ತೇವೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?

ಬೇಡ. ವಕೀಲಿಕೆಗೆ ನಡೆಯುವ ದೂರಶಿಕ್ಷಣದ ಎಲ್‌ಎಲ್‌ಬಿ ಈ ದೇಶದಲ್ಲಿ ಇಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪ್ರತಿ ವಿಷಯದಲ್ಲೂ ಶೇ 70 ಹಾಜರಿ ಬೇಕು. ಮೂಟ್ ಕೋರ್ಟ್ (ವಿದ್ಯಾರ್ಥಿಗಳು ವಾದ ಮಾಡಿ ಕಲಿಯುವ ಅಣಕು ನ್ಯಾಯಾಲಯ) ಮತ್ತು ಪ್ರಾಯೋಗಿಕ ತರಬೇತಿಗೂ ಇದೇ ಲೆಕ್ಕ. 2024ರ ಸೆಪ್ಟೆಂಬರಿನಲ್ಲಿ ಪರಿಷತ್ತು ಹೊರಡಿಸಿದ ಸುತ್ತೋಲೆಯಂತೆ ಓದುವ ಅವಧಿಯಲ್ಲಿ ನೌಕರಿ ಮಾಡುತ್ತಿದ್ದರೆ ಘೋಷಿಸಬೇಕು, ನೌಕರಿ ಕೊಟ್ಟವರ ನಿರಾಕ್ಷೇಪಣಾ ಪತ್ರ ಕೊಡಬೇಕು. ಮುಚ್ಚಿಟ್ಟವರ ಅಂಕಪಟ್ಟಿ, ಪದವಿ ತಡೆಹಿಡಿಯುವ ಮಾತೂ ಅದರಲ್ಲಿದೆ. ಏಜೆಂಟರಿಗೆ ಹಣ ಕೊಟ್ಟು ಪಡೆದ ಹಾಜರಿ ಸುಳ್ಳು ದಾಖಲೆ. ನ್ಯಾಯಾಲಯದಲ್ಲಿ ನಿಲ್ಲಬೇಕಾದವರು ಸುಳ್ಳು ದಾಖಲೆಯಿಂದ ವೃತ್ತಿ ಶುರು ಮಾಡಬಾರದು.

ಜಿಲ್ಲಾ ಕೇಂದ್ರದ ಚಿಕ್ಕ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಸೀಟು ಸಿಗುವಂತಿದೆ. ಹೆಸರಿಲ್ಲದ ಕಾಲೇಜು, ಮೂಟ್ ಕೋರ್ಟ್ ಹಾಲ್ ಸಣ್ಣದು, ಬೆಂಗಳೂರಿನ ಖಾಸಗಿ ಕಾಲೇಜಿಗೆ ಸಾಲ ಮಾಡಿಯಾದರೂ ಹೋಗು ಎನ್ನುತ್ತಾರೆ. ಏನು ಮಾಡಲಿ?

ಸೀಟು ತೆಗೆದುಕೊಳ್ಳಿ. ಆದರೆ ಸೇರುವ ಮುನ್ನ ನೋಡಬೇಕಾದದ್ದು ನೋಡಿ, ಸೇರಿದ ಮೇಲೆ ಮಾಡಬೇಕಾದದ್ದು ಮಾಡಿ.

ರಾಮನಗರ, ಕೋಲಾರ, ಹಾಸನ, ಹೊಳೆನರಸೀಪುರದ ಸರ್ಕಾರಿ ಕಾನೂನು ಕಾಲೇಜುಗಳಿಗೂ ಬೆಂಗಳೂರಿನ ಬಹುಪಾಲು ಖಾಸಗಿ ಕಾಲೇಜುಗಳಿಗೂ ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪದವಿ ಕೊಡುವವರೂ ಒಬ್ಬರೇ: ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. 2009ರ ಅಧಿನಿಯಮದಿಂದ ಅದು ಹುಟ್ಟುವ ಮೊದಲು ಮೈಸೂರು, ಧಾರವಾಡ ಹೀಗೆ ಆಯಾ ಭಾಗದ ವಿಶ್ವವಿದ್ಯಾಲಯಗಳು ಕಾನೂನು ಪದವಿ ಕೊಡುತ್ತಿದ್ದವು, ಅಂತರವೂ ಇತ್ತು. ಈಗ ಖಾಸಗಿ ಕಾಲೇಜಿಗೆ ಕಟ್ಟುವ ಹೆಚ್ಚಿನ ಹಣ ಪದವಿಗಲ್ಲ, ಕಟ್ಟಡಕ್ಕೆ.

ನೋಡಬೇಕಾದದ್ದರಲ್ಲಿ ಮೊದಲನೆಯದು ಅನುಮೋದನೆ. ವಿಶ್ವವಿದ್ಯಾಲಯದ ಸಂಯೋಜನೆ ಬೇರೆ, ವಕೀಲರ ಪರಿಷತ್ತಿನ ಅನುಮೋದನೆ ಬೇರೆ. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಎರಡೂ ಇವೆಯೇ ಎಂದು ಪತ್ರ ಕೇಳಿ ಓದಿ. ಸರ್ಕಾರಿ ಕಾಲೇಜಲ್ಲವೇ, ಇದ್ದೇ ಇರುತ್ತದೆ ಎಂದು ಬಿಡಬೇಡಿ. ಅನುಮೋದನೆ ನವೀಕರಣವಾಗದೆ ಉಳಿದರೆ ತೊಂದರೆ ಗೊತ್ತಾಗುವುದು ಮೂರು ವರ್ಷದ ನಂತರ, ವಕೀಲರಾಗಿ ನೋಂದಣಿಗೆ ಹೋದಾಗ.

ಎರಡನೆಯದು ಅಧ್ಯಾಪಕರು. ಮೂರು ವರ್ಷದ ಕೋರ್ಸಿಗೆ ಮೊದಲ ವರ್ಷ ಕನಿಷ್ಠ ನಾಲ್ವರು, ಎರಡನೇ ವರ್ಷ ಆರು, ಮೂರನೇ ವರ್ಷಕ್ಕೆ ಎಂಟು ಜನ ಕಾನೂನು ಅಧ್ಯಾಪಕರಿರಬೇಕೆಂದು ನಿಯಮ ಹೇಳುತ್ತದೆ. ಚಿಕ್ಕ ಸರ್ಕಾರಿ ಕಾಲೇಜುಗಳ ನಿಜವಾದ ಕೊರತೆ ಇದೇ. ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. ಹಾಗಾಗಿ ಕಾಯಂ ಎಷ್ಟು ಜನ, ಅತಿಥಿ ಎಷ್ಟು ಜನ ಎಂದು ಈಗಿನ ವಿದ್ಯಾರ್ಥಿಗಳನ್ನೇ ಕೇಳಿ. ಗ್ರಂಥಾಲಯದಲ್ಲಿ ಕುಳಿತು ನೋಡಿ: ತೀರ್ಪುಗಳನ್ನು ಪ್ರಕಟಿಸುವ ಸುಪ್ರೀಂ ಕೋರ್ಟ್ ಕೇಸಸ್, ಎಐಆರ್, ಕ್ರಿಮಿನಲ್ ಲಾ ಜರ್ನಲ್ ಸಂಪುಟಗಳು ನಡುವೆ ನಿಂತುಹೋಗಿವೆಯೇ? ಹತ್ತು ವರ್ಷದ ಹಿಂದಿನ ಸಂಪುಟಗಳವರೆಗೆ ಇರಬೇಕೆಂಬುದು ಕನಿಷ್ಠ ನಿಯಮ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮದ ಪುಸ್ತಕಗಳಿಲ್ಲದಿದ್ದರೆ ಆ ಗ್ರಂಥಾಲಯವನ್ನು ನೆಚ್ಚಬೇಡಿ, ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಬೇರ್ ಆ್ಯಕ್ಟ್‌ಗಳನ್ನು ನೀವೇ ಕೊಳ್ಳಿ.

ಇಷ್ಟು ನೋಡಿ ಸೇರಿದಿರಿ ಎಂದಿಟ್ಟುಕೊಳ್ಳೋಣ. ಇನ್ನು ಮುಖ್ಯ ವಿಷಯ.

ಎಲ್‌ಎಲ್‌ಬಿಯಲ್ಲಿ ನಾಲ್ಕು ಪ್ರಾಯೋಗಿಕ ಪತ್ರಿಕೆಗಳು ಕಡ್ಡಾಯ: ಕರಡು ರಚನೆ ಮತ್ತು ದಸ್ತಾವೇಜು ಬರವಣಿಗೆ, ವೃತ್ತಿ ನೀತಿ, ಪರ್ಯಾಯ ವ್ಯಾಜ್ಯ ಪರಿಹಾರ, ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್. ಹಳೇ ಬ್ಯಾಚಿನ ರೆಕಾರ್ಡ್ ಪುಸ್ತಕ (ಈ ಅಭ್ಯಾಸಗಳನ್ನು ಬರೆದು ಒಪ್ಪಿಸುವ ಪುಸ್ತಕ) ತಂದು, ಅಂದವಾದ ಅಕ್ಷರದಲ್ಲಿ ಇಳಿಸಿ, ಸಹಿ ಹಾಕಿಸಿ ಇವನ್ನು ಮುಗಿಸುವುದು ಒಂದು ರೋಗದಂತೆ ಹಬ್ಬಿದೆ. ಜೆರಾಕ್ಸ್ ಅಂಗಡಿಗಳಲ್ಲಿ ಸಿದ್ಧ ರೆಕಾರ್ಡ್ ಮಾರುವವರೂ ಇದ್ದಾರೆ. ಮೂರು ವರ್ಷ ಓದಿಯೂ ಒಂದು ಮಧ್ಯಂತರ ಅರ್ಜಿ ಬರೆಯಲು ಬಾರದ ವಕೀಲರು ತಯಾರಾಗುವುದು ಹೀಗೆಯೇ. ಇದರಲ್ಲಿ ಕಾಲೇಜಿನ ಹೆಸರಿನ ಪಾತ್ರ ಏನೂ ಇಲ್ಲ.

ಕರಡು ರಚನೆಯಲ್ಲಿ 15 ಅಭ್ಯಾಸಗಳಿಗೆ 45 ಅಂಕ, ದಸ್ತಾವೇಜಿನ 15 ಅಭ್ಯಾಸಗಳಿಗೆ 45, ಮೌಖಿಕ ಪರೀಕ್ಷೆಗೆ 10. ಕಾಪಿ ಹೊಡೆದವರು ಮೌಖಿಕದಲ್ಲಿ ಸಿಕ್ಕಿಬೀಳುವ ಜಾಗಗಳು ಹೆಚ್ಚುಕಡಿಮೆ ಒಂದೇ. ವಾದಪತ್ರದಲ್ಲಿ ದಾವೆಗೆ ಕಾರಣ ಹುಟ್ಟಿದ ದಿನಾಂಕ ಇರುವುದಿಲ್ಲ. ನ್ಯಾಯಾಲಯ ಶುಲ್ಕಕ್ಕಾಗಿ ದಾವೆಯ ಮೌಲ್ಯ ಹೇಗೆ ಕಟ್ಟಿದಿರಿ ಎಂದರೆ ಉತ್ತರವಿಲ್ಲ, ಏಕೆಂದರೆ 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯನ್ನು ತೆರೆದೇ ಇಲ್ಲ. ಪಾಲು ದಾವೆಯ ಷೆಡ್ಯೂಲಿನಲ್ಲಿ ಸರ್ವೆ ನಂಬರ್ ಇದೆ, ಚಕ್ಕುಬಂದಿ ಇಲ್ಲ. ಚೆಕ್ ಬೌನ್ಸ್ ನೋಟಿಸಿನಲ್ಲಿ ದಿನಾಂಕಗಳು ಒಂದಕ್ಕೊಂದು ಕೂಡುವುದಿಲ್ಲ. ಚೆಕ್ ವಾಪಸಾಯಿತೆಂಬ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಈ ಮೂರು ಲೆಕ್ಕವನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಮಾಡಿದವರು ಮರೆಯುವುದಿಲ್ಲ. ನಿಮ್ಮ ಮನೆಯ ಪಹಣಿ, ಕ್ರಯಪತ್ರ ತೆಗೆದು ಅದರ ಮೇಲೆಯೇ ಅಭ್ಯಾಸ ಮಾಡಿ: ಹಿಂದಿನ ಹಕ್ಕು ಯಾರಿಂದ ಬಂತು, ಎಷ್ಟು ಎಕರೆ, ಎಷ್ಟು ಗುಂಟೆ, ಋಣಭಾರ ಇದೆಯೇ. ರೆಕಾರ್ಡಿಗೆ ಇಳಿಸುವಾಗ ಮನೆಯವರ ಹೆಸರುಗಳನ್ನು ಮಾತ್ರ ಬದಲಿಸಿ.

ಮೂಟ್ ಕೋರ್ಟ್ ಪತ್ರಿಕೆಯ 100 ಅಂಕದಲ್ಲಿ ಮೂಟ್‌ಗೆ ಇರುವುದು 30 ಮಾತ್ರ. ಮೂರು ಮೂಟ್, ತಲಾ 10: ಐದು ಅಂಕ ಬರಹಕ್ಕೆ, ಐದು ವಾದಕ್ಕೆ. ಇಷ್ಟಕ್ಕೆ ಸಾಗುವಾನಿಯ ಪೀಠ ಬೇಕಿಲ್ಲ, ತರಗತಿಯ ಬೆಂಚು ಸಾಕು. ಇನ್ನೊಂದು 30 ಅಂಕ ವಿಚಾರಣೆ ನೋಡಿ ಬರೆಯುವುದಕ್ಕೆ, ಒಂದು ಸಿವಿಲ್, ಒಂದು ಕ್ರಿಮಿನಲ್. ಮತ್ತೆ 30 ಅಂಕ ಕಕ್ಷಿದಾರರ ಸಂದರ್ಶನ ಎರಡು ಬಾರಿ ನೋಡಿ, ದಾವೆ ದಾಖಲಿಸುವ ಕ್ರಮ ಗಮನಿಸಿ ದಿನಚರಿ ಬರೆಯುವುದಕ್ಕೆ. ಉಳಿದ 10 ಮೌಖಿಕ. ಅಂದರೆ 60 ಅಂಕ ಸಿಗುವ ಜಾಗ ಕಾಲೇಜಲ್ಲ, ಜಿಲ್ಲಾ ನ್ಯಾಯಾಲಯ. ಜಿಲ್ಲಾ ಕೇಂದ್ರದ ವಿದ್ಯಾರ್ಥಿಗೆ ಅದು ಕೈಗೆಟುಕುವ ದೂರದಲ್ಲಿದೆ. ಸಾಕ್ಷಿಗಳು ಮಾತಾಡುವುದು ಅವರದೇ ಕನ್ನಡದಲ್ಲಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕಳೆಯುವ ವಿದ್ಯಾರ್ಥಿಗಿಂತ ನಿಮಗೆ ಹೆಚ್ಚು ಸಿಕ್ಕಿದೆ, ಅದನ್ನು ಬಳಸಿಕೊಳ್ಳಿ.

ಹೇಗೆಂದರೆ, ಒಂದೇ ದಿನ ಹೋಗಿ ನಾಲ್ಕು ಕೋರ್ಟ್ ಹಾಲ್ ಸುತ್ತಿ ಬರಬೇಡಿ, ಏನೂ ಅರ್ಥವಾಗುವುದಿಲ್ಲ. ಬೆಳಗಿನ ಹೊತ್ತು ಕರೆಯುವ ಬಹಳಷ್ಟು ಪ್ರಕರಣಗಳು ಮುಂದಿನ ದಿನಾಂಕಕ್ಕೆ ಹೋಗುತ್ತವೆ, ಅದನ್ನೇ ವಿಚಾರಣೆ ಎಂದುಕೊಂಡು ಬರುವವರು ಹಲವರು. ಪರಿಚಯದ ವಕೀಲರನ್ನೋ ಕಾಲೇಜಿನ ಅಧ್ಯಾಪಕರನ್ನೋ ಕೇಳಿ ಸಾಕ್ಷ್ಯದ ಹಂತದಲ್ಲಿರುವ ಒಂದು ಅಸಲು ದಾವೆ, ಒಂದು ಕ್ರಿಮಿನಲ್ ಪ್ರಕರಣ ಆರಿಸಿ. ಪ್ರತಿ ಪ್ರಕರಣವನ್ನೂ ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ದಿನಾಂಕ, ಹಂತ, ಹಿಂದಿನ ಕಲಾಪ ಕಾಣುತ್ತದೆ. ಆ ದಿನಾಂಕಗಳಿಗೆ ಮಾತ್ರ ಹೋಗಿ. ಸಿವಿಲ್ ದಾವೆಯಲ್ಲಿ ಪ್ರತಿವಾದಿಯ ಲಿಖಿತ ಹೇಳಿಕೆ 30 ದಿನದಲ್ಲಿ ಬಂತೇ, ಬಾರದೆ 90 ದಿನದವರೆಗೆ ಎಳೆಯಿತೇ, ವಿವಾದಾಂಶಗಳು (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳು) ಏನು, ಯಾವ ವಿವಾದಾಂಶ ರುಜುವಾತು ಮಾಡುವ ಹೊಣೆ ಯಾರ ಮೇಲಿದೆ ಎಂದು ಬರೆಯಿರಿ. ಪಾಟೀಸವಾಲಿನಲ್ಲಿ ಕೇಳಿದ ಪ್ರಶ್ನೆ ಬರೆದುಕೊಂಡರೆ ಸಾಲದು, ಅದು ಯಾವ ವಿವಾದಾಂಶಕ್ಕೆ ಕೇಳಿದ್ದು ಎಂದು ಪಕ್ಕದಲ್ಲಿ ಗುರುತಿಸಿ. ಈ ಒಂದು ಅಭ್ಯಾಸ ಸಾಕ್ಷ್ಯ ಕಾನೂನಿನ ಅರ್ಧ ಪುಸ್ತಕ ಕಲಿಸುತ್ತದೆ.

ಕ್ರಿಮಿನಲ್ ಕಡೆ ಹೊಸ ಮತ್ತು ಹಳೇ ಕಾನೂನು ಎರಡೂ ಕಾಣುತ್ತವೆ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೇ ಭಾರತೀಯ ದಂಡ ಸಂಹಿತೆಯ ಕಲಂಗಳೇ ನಡೆಯುತ್ತವೆ, ನಂತರದ್ದಕ್ಕೆ ನ್ಯಾಯ ಸಂಹಿತೆ. ಕೊಲೆಗೆ 302 ಎಂದು ಕೇಳಿದ್ದು ಈಗ 103, ವಂಚನೆಗೆ 420 ಎಂದಿದ್ದು 318(4). ಹೊಸದನ್ನಷ್ಟೇ ಓದಿದವರು ಕೋರ್ಟಿನಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ, ಹಳೆಯದನ್ನಷ್ಟೇ ಓದಿದವರು ಪರೀಕ್ಷೆಯಲ್ಲಿ ಸೋಲುತ್ತಾರೆ. ಒಂದು ಎಚ್ಚರಿಕೆ: ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ), ಅತ್ಯಾಚಾರ ಪ್ರಕರಣಗಳ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಒಳಗೆ ಬಿಡಿ ಎಂದು ಕೇಳಲೇಬೇಡಿ. ಸಂತ್ರಸ್ತರ ಹೆಸರು ನಿಮ್ಮ ದಿನಚರಿಯಲ್ಲಿ ಎಲ್ಲಿಯೂ ಬರಬಾರದು. ವಕೀಲರ ಕಚೇರಿಯಲ್ಲಿ ಕೇಳಿದ ಕಕ್ಷಿದಾರರ ಮಾತನ್ನು ಹಾಸ್ಟೆಲಿನಲ್ಲಿ ಆಡಬಾರದು.

ಇಂಟರ್ನ್‌ಶಿಪ್ ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ. ಒಂದು ವರ್ಷದಲ್ಲಿ ಸತತ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಕೊನೇ ವರ್ಷಕ್ಕೆ ಎಲ್ಲ ಬಾಕಿ ಇಟ್ಟವರು ಆಮೇಲೆ ಸುಳ್ಳು ಪ್ರಮಾಣಪತ್ರಕ್ಕೆ ಅಲೆಯುವುದು ಇದನ್ನು ಓದದೆ. ಒಂದು ಭಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಾಡಿ. ಅಲ್ಲಿಗೆ ಬರುವವರ ಅಹವಾಲು ಕೇಳುವಾಗ ಸಂದರ್ಶನವೆಂದರೆ ಏನು ಎಂದು ತಿಳಿಯುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ ಎಂಬುದು ಗೊತ್ತಿಲ್ಲದೆ ಸಾಲ ಮಾಡುವ ಕುಟುಂಬಗಳು ನಿಮ್ಮ ಊರಿನಲ್ಲೇ ಇವೆ.

ಕನ್ನಡದಲ್ಲಿ ಪರೀಕ್ಷೆ ಬರೆದರೆ ಅಂಕ ಕಡಿಮೆ ಕೊಡುತ್ತಾರಂತೆ?

ಈ ಮಾತು ಹಬ್ಬಿಸುವವರು ಪ್ರಶ್ನೆಪತ್ರಿಕೆಯ ತಲೆಬರಹ ಓದಿಲ್ಲ. ಉತ್ತರ ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಇರಬೇಕು ಎಂದು ಅಲ್ಲೇ ಮುದ್ರಿಸಿರುತ್ತಾರೆ. ಅಂಕ ಹೋಗುವುದು ಎರಡನ್ನೂ ಬೆರೆಸಿದಾಗ, ಪಠ್ಯದ ಒಂದು ಘಟಕ ಬಿಟ್ಟಾಗ. ಐದು ಘಟಕಗಳಲ್ಲಿ ಪ್ರತಿಯೊಂದರಿಂದಲೂ ಒಂದು ಪ್ರಬಂಧ, ಒಂದು ಟಿಪ್ಪಣಿ ಅಥವಾ ಸಮಸ್ಯೆ ಬರೆಯಬೇಕು. ಮೂರು ಘಟಕ ಓದಿದರೆ ಪಾಸು ಎನ್ನುವ ಗೈಡುಗಳನ್ನು ದೂರ ಇಡಿ. ಆದರೆ ಹೈಕೋರ್ಟ್ ತೀರ್ಪು ಓದಲು ಇಂಗ್ಲಿಷ್ ಬೇಕೇ ಬೇಕು, ದಿನಕ್ಕೊಂದು ತೀರ್ಪು ಓದುವುದನ್ನು ಮೊದಲ ಸೆಮಿಸ್ಟರಿನಿಂದಲೇ ಶುರು ಮಾಡಿ.

ಪದವಿಯಲ್ಲಿ ಶೇ 44.8 ಬಂದಿದೆ, 45 ಎಂದು ತೆಗೆದುಕೊಳ್ಳುವುದಿಲ್ಲವೇ?

ಕನಿಷ್ಠ ಅಂಕ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. 44.8 ಅನ್ನು 45 ಎಂದು ತೆಗೆದುಕೊಳ್ಳುತ್ತಾರೆ ಎಂದು ನಂಬಿ ಕೂರಬೇಡಿ, ವಿಶ್ವವಿದ್ಯಾಲಯವನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ಪಿಯುಸಿ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರ ಪದವಿ ಪಡೆದಿದ್ದೇನೆ.

ಎಲ್‌ಎಲ್‌ಬಿಗೆ ನಡೆಯುವುದಿಲ್ಲ. ಪಿಯುಸಿ ಮುಗಿಸಿ ಆಮೇಲೆ ದೂರಶಿಕ್ಷಣದಲ್ಲಿ ಪದವಿ ಮಾಡಿದ್ದರೆ ತೊಂದರೆಯಿಲ್ಲ.

ಐದು ವರ್ಷದ ಕೋರ್ಸನ್ನು ಮೂರಕ್ಕೆ ಬಿಟ್ಟರೆ ಬಿಎ ಸಿಗುತ್ತದೆಯೇ?

ಸಿಗುವುದಿಲ್ಲ. ನಡುವೆ ಸೇರಲೂ ಆಗದು, ನಡುವೆ ಪದವಿ ಹಿಡಿದು ಹೊರಬರಲೂ ಆಗದು.

ವಯಸ್ಸು 47. ಅವಕಾಶ ಇದೆಯೇ?

ವಯೋಮಿತಿ ನಿಯಮಕ್ಕೆ 2017ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದೆ. ಸೇರಿ, ಆದರೆ ತರಗತಿಗೆ ಹೋಗಿ.

ಕೋರ್ಸ್ ಮುಗಿಯಿತು. ನೋಂದಣಿಗೆ ಇಷ್ಟು ಸಾವಿರ ಬೇಕು ಎಂದು ಮಧ್ಯವರ್ತಿ ಕೇಳುತ್ತಿದ್ದಾರೆ. ನೇರವಾಗಿ ನ್ಯಾಯಾಧೀಶರ ಪರೀಕ್ಷೆ ಬರೆಯಬಹುದೇ?

ಮಧ್ಯವರ್ತಿಗೆ ಒಂದು ರೂಪಾಯಿಯೂ ಕೊಡಬೇಡಿ. 2024ರ ಜುಲೈ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125. ಮುದ್ರಾಂಕ ಶುಲ್ಕ ಇದ್ದರೆ ಅದಷ್ಟೇ ಹೆಚ್ಚುವರಿ. ನೋಂದಣಿಯಾದ ಮೇಲೆ ವಕೀಲಿಕೆ ಮುಂದುವರಿಸಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 100 ಬಹುಆಯ್ಕೆ ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್ ಒಯ್ಯಬಹುದು, ಪೆನ್ನಿನಲ್ಲಿ ಗೀಚಿದ್ದನ್ನು ಒಯ್ದರೆ ಬಾಗಿಲಲ್ಲೇ ಇಡಿಸುತ್ತಾರೆ. ಇನ್ನು ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಮೂರು ವರ್ಷ ವಕೀಲರ ಪರೀಕ್ಷೆಗೆ ಮುಂಚಿನ ತಾತ್ಕಾಲಿಕ ನೋಂದಣಿಯ ದಿನದಿಂದಲೇ ಎಣಿಕೆಯಾಗುತ್ತದೆ, ಹಾಗಾಗಿ ಅಂಕಪಟ್ಟಿ ಕೈಗೆ ಬಂದ ವಾರವೇ ಅರ್ಜಿ ಹಾಕಿ. ಹತ್ತು ವರ್ಷ ವೃತ್ತಿಯಲ್ಲಿರುವ ವಕೀಲರ ಪ್ರಮಾಣಪತ್ರ, ಅದರ ಮೇಲೆ ನ್ಯಾಯಾಂಗ ಅಧಿಕಾರಿಯ ದೃಢೀಕರಣ ಬೇಕಾಗುವುದರಿಂದ ವಕಾಲತ್ತಿನಲ್ಲಿ ನಿಮ್ಮ ಹೆಸರು, ಆರ್ಡರ್ ಶೀಟಿನಲ್ಲಿ ನಿಮ್ಮ ಹಾಜರಿ ಬರುವಂತೆ ಮೊದಲ ದಿನದಿಂದ ನೋಡಿಕೊಳ್ಳಿ. ಪ್ರಕರಣ ಸಂಖ್ಯೆ ಮತ್ತು ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.